700 ಗ್ರಾಂ ಸೊಂಟಕ್ಕೆ ಕಟ್ಟಿಕೊಂಡು ಒಂದು ವಾರ

ಕಳೆದ ಬೇಸಿಗೆಯ ಒಂದು ರಾತ್ರಿ ನಮ್ಮ ಭಾವ ಎಚ್.ಕ್ರಾಸ್ ಕಡೆಯಿಂದ ಶಿಡ್ಲಘಟ್ಟಕ್ಕೆ ಬೈಕಿನಲ್ಲಿ ಬರುತ್ತಿದ್ದರು. ಬ್ಯಾಗಿನಲ್ಲಿ ನೂಲು ಮಾರಿದ ದುಡ್ಡಿತ್ತು. ಹಿಂದೆ ಒಂದು ಬೈಕು, ಇಬ್ಬರು ಸವಾರರು, ಹೆಡ್‌ಲೈಟ್ ಆರಿಸಿದ್ದರು. ಭಾವ ನಿಧಾನ ಮಾಡಿದರೆ ಅವರೂ ನಿಧಾನ, ಜೋರು ಮಾಡಿದರೆ ಅವರೂ ಜೋರು. ಎರಡು ಮೂರು ಕಿಲೋಮೀಟರ್ ಹೀಗೇ ಬಂದು, ದೀಪ ಉರೀತಿದ್ದ ಒಂದು ಡಾಬಾ ಮುಂದೆ ಗಾಡಿ ನಿಲ್ಲಿಸಿ ಒಳಗೆ ನುಗ್ಗಿಬಿಟ್ಟರು. ಆ ಬೈಕು ಸುಮ್ಮನೆ ಮುಂದೆ ಹೋಯಿತು. ಕಳ್ಳರೋ, ಕುಡಿದ ಹುಡುಗರೋ, ಇವತ್ತಿಗೂ ಗೊತ್ತಿಲ್ಲ.

ಆ ಭಾನುವಾರ ನಾನು ಊರಿಗೆ ಹೋದಾಗ ಊಟಕ್ಕೆ ಕೂತಲ್ಲೇ ಭಾವ ಮಾತು ತೆಗೆದರು. "ನೀನು ಯಾವಾಗಲೂ ಫೋನ್ ನೋಡ್ತಿರ್ತೀಯಲ್ಲ, ಯಾವ ರಿವಾಲ್ವರ್ ಒಳ್ಳೇದು ಅಂತ ನೋಡಿ ಹೇಳಪ್ಪ. ಷರ್ಟ್ ಒಳಗಿದ್ರೆ ಕಾಣಬಾರದು. ದಿನಾ ಇಟ್ಕೊಂಡು ಓಡಾಡೋ ಹಂಗಿರಬೇಕು."

ಅಕ್ಕ ಸಾರು ಬಡಿಸ್ತಿದ್ದವಳು ಸೌಟು ಎತ್ತಿದಂತೇ ನಿಂತಳು. ಏನೂ ಮಾತಾಡಲಿಲ್ಲ.

ಈ ಪ್ರಶ್ನೆ ನಮ್ಮ ಭಾವನೊಬ್ಬರದೇ ಅಲ್ಲ. ಚಿಂತಾಮಣಿಯ ಮಂಡಿ ವ್ಯಾಪಾರಿಗಳು, ಗೌರಿಬಿದನೂರು ಕಡೆ ಸೈಟು ಮಾಡಿಸುವವರು, ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ಏರ್‌ಪೋರ್ಟ್‌ವರೆಗೆ ಎಕರೆಗೆ ಕೋಟಿಗಳ ಲೆಕ್ಕ ಹೇಳುವವರು ಕೂತ ಕಡೆ ಒಂದಲ್ಲ ಒಂದು ಸಲ ಈ ಮಾತು ಬಂದೇ ಬರುತ್ತದೆ. 2023ರ ಜುಲೈಯಲ್ಲಿ ಟೊಮೆಟೊಗೆ ಚಿನ್ನದ ಬೆಲೆ ಬಂದಾಗ, ಕೋಲಾರ ಮಾರುಕಟ್ಟೆಗೆ ಹೊರಟಿದ್ದ ಟೊಮೆಟೊ ತುಂಬಿದ ಗಾಡಿಯನ್ನೇ ಬೆಂಗಳೂರಿನಲ್ಲಿ ಹೊಡೆದುಕೊಂಡು ಹೋಗಿದ್ದರು, ನೆನಪಿದೆಯಲ್ಲ? ತೋಟದಲ್ಲಿ ರಾತ್ರಿಯೆಲ್ಲ ಕಾವಲು ಕೂತ ರೈತರು ಆಗ ನಮ್ಮ ಕಡೆಯೂ ಇದ್ದರು. ಭಯ ಸುಳ್ಳಲ್ಲ. ಹಾಗಾಗಿ ಭಾವನ ಮಾತನ್ನು ನಗಾಡಿ ಬಿಡದೆ ನಿಜವಾಗಿಯೂ ಹುಡುಕಲು ಕೂತೆ.

ಮೊದಲ ಎರಡು ದಿನ ದಂಡ. ಫೋನಿನಲ್ಲಿ ಬರುವುದೆಲ್ಲ ಅಮೆರಿಕದವರ ವಿಡಿಯೋ. ಅಲ್ಲಿ ಅಂಗಡಿಗೆ ಹೋಗಿ ಚಪ್ಪಲಿ ಆರಿಸಿದ ಹಾಗೆ ಆರಿಸುತ್ತಾರೆ. .38 ತಗೊಳ್ಳಿ, 9 ಎಂಎಂ ತಗೊಳ್ಳಿ ಅನ್ನುತ್ತಾರೆ. ನಮ್ಮಲ್ಲಿ ಆ ಎರಡೂ ನಿಷೇಧಿತ ಬೋರ್. ಪೊಲೀಸರು ಮತ್ತು ಸೈನ್ಯದವರು ಬಳಸುವ ಅಳತೆಯ ಗುಂಡುಗಳು ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. ಜೊತೆಗೆ 1980ರ ದಶಕದ ಮಧ್ಯದಿಂದ ಖಾಸಗಿಯವರಿಗೆ ವಿದೇಶಿ ಬಂದೂಕುಗಳ ಆಮದು ನಿಂತಿದೆ. ಅದಕ್ಕೂ ಮೊದಲು ಬಂದ ಹಳೆಯ ವಿದೇಶಿ ರಿವಾಲ್ವರುಗಳು ಕೈಯಿಂದ ಕೈಗೆ ಕಾರಿನ ಬೆಲೆಗೆ ಮಾರಾಟವಾಗುತ್ತವೆ. ಅಂದರೆ ವಿಡಿಯೋದಲ್ಲಿ ನೋಡಿದ್ದರಲ್ಲಿ ನೂರಕ್ಕೆ ತೊಂಬತ್ತು ನಮಗೆ ಸಂಬಂಧವೇ ಇಲ್ಲ.

ನಮಗೆ ಉಳಿಯುವುದು .32. ಅದರಲ್ಲೂ ಬೆರಳೆಣಿಕೆಯ ಮಾದರಿಗಳು.

ಎಲ್ಲರಿಗೂ ಗೊತ್ತಿರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಮೂಲ ವಿನ್ಯಾಸ ಬ್ರಿಟಿಷರ ಕಾಲದ ವೆಬ್ಲಿಯದು. ಮೇಲಿನ ಚಿಲಕ ತೆಗೆದರೆ ನಳಿಕೆ ಮುಂದಕ್ಕೆ ಬಾಗಿ, ಆರು ಗುಂಡಿನ ಸಿಲಿಂಡರ್ ಬಾಯಿ ತೆರೆಯುತ್ತದೆ. ತೂಕ ಮುಕ್ಕಾಲು ಕೆಜಿ ಆಸುಪಾಸು. 2012ರ ದೆಹಲಿ ಘಟನೆಯ ನಂತರ, 2014ರ ಜನವರಿಯಲ್ಲಿ ಅದೇ ಕಾರ್ಖಾನೆ 'ನಿರ್ಭೀಕ್' ಅಂತ ಒಂದು ತಂದಿತು. ಹೆಣ್ಣುಮಕ್ಕಳಿಗಾಗಿ ಅಂತಲೇ ಪ್ರಚಾರ. ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತೆ ಅಂದರು. ಬೆಲೆ ಆಗಲೇ 1.22 ಲಕ್ಷ ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿಗೆ ಅದರಿಂದ ಏನು ಪ್ರಯೋಜನವೋ ಆ ದೇವರೇ ಬಲ್ಲ. ಇಷಾಪುರದ ಕಾರ್ಖಾನೆ 'ನಿಡರ್' ಅಂತ .22ರದ್ದು ತಂದಿತು, ತೂಕ ಬರೀ 250 ಗ್ರಾಂ, ಬೆಲೆ ಸುಮಾರು 35,000.

2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಕಾನ್ಪುರದ ಎಡಬ್ಲ್ಯುಇಐಎಲ್ ಕಂಪನಿ 2023ರ ಆಗಸ್ಟ್‌ನಲ್ಲಿ 'ಪ್ರಬಲ್' ಬಿಡುಗಡೆ ಮಾಡಿತು. ಇದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಸಿನಿಮಾದಲ್ಲಿ ನೋಡ್ತೀವಲ್ಲ ಹಾಗೆ. ನಳಿಕೆ 76 ಮಿ.ಮೀ., ಒಟ್ಟು ಉದ್ದ 177.6 ಮಿ.ಮೀ., ತೂಕ ಗುಂಡಿಲ್ಲದೆ ಸುಮಾರು 700 ಗ್ರಾಂ. ಟ್ರಿಗರ್ ಹಗುರ ಅಂತಾರೆ. 50 ಮೀಟರ್ ಗುರಿ ಅಂತ ಜಾಹೀರಾತಿನಲ್ಲಿದೆ. ಅದನ್ನು ಓದಿ ಭಾವನಿಗೆ ಖುಷಿಯೋ ಖುಷಿ. "50 ಮೀಟರ್ ದೂರದಲ್ಲಿರೋನು ನಿಮ್ಮ ಬ್ಯಾಗ್ ಹೆಂಗೆ ಕಿತ್ಕೋತಾನೆ ಭಾವ?" ಅಂದೆ. ಬೈಕಿನಲ್ಲಿ ಬಂದು ಕುತ್ತಿಗೆಗೆ ಕೈ ಹಾಕುವವನು ಮಾರು ದೂರದಲ್ಲಿರುತ್ತಾನೆ. ಎರಡು ಕೈಯೂ ಹ್ಯಾಂಡಲ್ ಮೇಲಿರುವಾಗ ಷರ್ಟ್ ಎತ್ತಿ, ಚೀಲದ ಗುಂಡಿ ಬಿಚ್ಚಿ, ಹೊರಗೆ ತೆಗೆಯುವಷ್ಟು ಹೊತ್ತು ಅವನು ಕೊಡಬೇಕಲ್ಲ.

ಯಾವುದು ಕೊಂಡರೂ ನೋಡಬೇಕಾದ ಕೆಲವು ಸಂಗತಿಗಳನ್ನು ಬಲ್ಲವರಿಂದ ಕೇಳಿಕೊಂಡೆ. ರಿವಾಲ್ವರಿನ ದೊಡ್ಡ ಗುಣ ಅಂದರೆ ಸರಳತೆ. ಒಂದು ಗುಂಡು ಹಾರದೆ ಟುಸ್ ಅಂದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ಗುಂಡು ಎದುರಿಗೆ ಬರುತ್ತದೆ. ಪಿಸ್ತೂಲು ಸಿಕ್ಕಿಕೊಂಡರೆ ಬಿಡಿಸಲು ಅಭ್ಯಾಸ ಬೇಕು. ಆದರೆ ಬಹುತೇಕ ರಿವಾಲ್ವರುಗಳಲ್ಲಿ ಪಿಸ್ತೂಲಿನಂತೆ ಹೊರಗಡೆ ಸೇಫ್ಟಿ ಗುಂಡಿ ಇರುವುದಿಲ್ಲ. ಟ್ರಿಗರ್ ಬಿಗಿಯಾಗಿರುವುದೇ ಅದರ ಕಾವಲು. ಅದಕ್ಕೇ ಇಡುವ ಚೀಲ, ಅಂದರೆ ಹೋಲ್‌ಸ್ಟರ್, ಟ್ರಿಗರನ್ನು ಪೂರ್ತಿ ಮುಚ್ಚುವಂತಿರಬೇಕು. ಪ್ಯಾಂಟಿನ ಜೇಬಿನಲ್ಲಿ ಬೀಗದಕೈ ಗೊಂಚಲಿನ ಜೊತೆ ಹಾಕಿಕೊಂಡು ಓಡಾಡುವುದು ಹುಚ್ಚುತನ. ಹಳೇ ಮಾದರಿಗಳಲ್ಲಿ ಹಿಂದಿನ ಸುತ್ತಿಗೆ, ಅಂದರೆ ಹ್ಯಾಮರ್, ಕೂರುವ ಕೋಣೆಯನ್ನು ಖಾಲಿ ಬಿಟ್ಟು ಐದೇ ಗುಂಡು ತುಂಬುವ ಪದ್ಧತಿ ಹಿರಿಯರದ್ದು. ಕೈಯಿಂದ ಬಿದ್ದರೂ ಹಾರಬಾರದು ಅಂತ.

ಬೀಳುವುದಿಲ್ಲ ಅಂತೀರಾ? ನಟ ಗೋವಿಂದ ಅವರದ್ದು ಬಿತ್ತಲ್ಲ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈ ಮನೆಯಿಂದ ಕೋಲ್ಕತ್ತಾಗೆ ಹೊರಡುವ ಗಡಿಬಿಡಿಯಲ್ಲಿ ಅವರ ಲೈಸೆನ್ಸ್ ಇರುವ ರಿವಾಲ್ವರ್ ಕೈಜಾರಿ, ಗುಂಡು ಅವರ ಕಾಲಿಗೇ ಹೊಕ್ಕಿತು. ಕಳ್ಳ ಇರಲಿಲ್ಲ, ಜಗಳ ಇರಲಿಲ್ಲ. ವರ್ಷಗಟ್ಟಲೆ ಮನೆಯಲ್ಲಿದ್ದ ವಸ್ತು ಅದು.

ಲೈಸೆನ್ಸ್ ಮೊದಲು, ರಿವಾಲ್ವರ್ ಆಮೇಲೆ

ನಾನು ಹುಡುಕಾಟವನ್ನೇ ತಲೆಕೆಳಗು ಮಾಡಿದ್ದೆ ಅಂತ ಆಮೇಲೆ ಗೊತ್ತಾಯಿತು. ಮಾದರಿ ಆರಿಸುವುದು ಕೊನೆಯ ಕೆಲಸ. ನಮ್ಮ ಜಿಲ್ಲೆಯವರು ಅರ್ಜಿ ಹಾಕಬೇಕಾದದ್ದು ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾಧಿಕಾರಿಗಳಿಗೆ. ಬೆಂಗಳೂರಿನಲ್ಲಿ ವಾಸ ಇರುವವರಿಗೆ ಪೊಲೀಸ್ ಕಮಿಷನರ್. ವಯಸ್ಸು 21 ದಾಟಿರಬೇಕು. ಪೊಲೀಸ್ ವರದಿ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯರ ಪತ್ರ, ಆಯುಧ ಸುರಕ್ಷತೆಯ ತರಬೇತಿ ಎಲ್ಲ ಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಲೈಸೆನ್ಸ್ ಬೇಡದವರೂ ಒಮ್ಮೆ ಹೋಗಿ ಬರಬಹುದು, ಬಂದೂಕಿನ ಬಗ್ಗೆ ಇರುವ ಸಿನಿಮಾ ಭ್ರಮೆ ಅರ್ಧ ಇಳಿಯುತ್ತದೆ.

ಎಷ್ಟೋ ಜನ ನಂಬಿರುವ ಒಂದು ಮಾತು: ಆಸ್ತಿ ಇದ್ದವರಿಗೆ ಮಾತ್ರ ಲೈಸೆನ್ಸ್ ಅಂತ. 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೇ ಸೆಕ್ಷನ್ ಹಾಗೆ ಹೇಳುವುದಿಲ್ಲ. ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಿರಾಕರಿಸಬಾರದು ಅಂತ ಅದರಲ್ಲೇ ಇದೆ. ಹಾಗೆಯೇ ಆಸ್ತಿ ಇದೆ ಅಂತ ಕೊಡಲೇಬೇಕು ಅಂತಲೂ ಇಲ್ಲ. ನಿಮಗೆ ಏನು ಅಪಾಯ, ಯಾರಿಂದ, ಮೊದಲು ದೂರು ಕೊಟ್ಟಿದ್ದೀರಾ? ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಇರಬೇಕು. ನಮ್ಮ ಭಾವ ಆ ರಾತ್ರಿಯ ಬಗ್ಗೆ ಠಾಣೆಯಲ್ಲಿ ಒಂದು ಅರ್ಜಿಯನ್ನೂ ಕೊಟ್ಟಿರಲಿಲ್ಲ. "ಏನೂ ಆಗಲಿಲ್ಲವಲ್ಲ, ಏನಂತ ಬರೆದುಕೊಡೋದು?" ಅಂದರು.

2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಆಕಾಶಕ್ಕೆ ಹಾರಿಸುವ ಶೋಕಿಗೆ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ಕೊಡಗಿನಲ್ಲಿ ಲೈಸೆನ್ಸೇ ಬೇಡ್ವಂತಲ್ಲಪ್ಪ" ಅಂತ ಭಾವ ಒಂದು ಪಟ್ಟು ಹಾಕಿದರು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಇರುವುದು ನಿಜ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಅದು ಮನೆತನದ ಉದ್ದ ಬಂದೂಕಿನ ಮಾತು, ಸೊಂಟದ ರಿವಾಲ್ವರಿನದಲ್ಲ.

ಇನ್ನು ಭಾವ ಕೇಳಿದ 'ಕಾಣಬಾರದು' ಅನ್ನುವುದು. ಇಲ್ಲಿ ಒಂದು ತಮಾಷೆ ಇದೆ. ಮರೆಮಾಡಿ ಒಯ್ಯುವುದು ನಮ್ಮಲ್ಲಿ ಆಯ್ಕೆಯಲ್ಲ, ನಿಯಮ. ಕೈಬಂದೂಕನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವಾಗ ಅದಕ್ಕಾಗಿಯೇ ಮಾಡಿದ ಹೋಲ್‌ಸ್ಟರಿನಲ್ಲಿ ಅಥವಾ ಬೆನ್ನಚೀಲದಂಥದ್ದರಲ್ಲಿ ಇಟ್ಟಿರಬೇಕು, ಪೂರ್ತಿ ಮುಚ್ಚಿರಬೇಕು, ಹಿಡಿತ ನಿಮ್ಮ ಕೈಯಲ್ಲೇ ಇರಬೇಕು ಅಂತ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ತೆಗೆದು ತೋರಿಸಿ ಹೆದರಿಸಿದರೆ ಲೈಸೆನ್ಸ್ ಹೋಗುತ್ತದೆ. ಅಂದರೆ ಜಮೀನಿನ ಜಗಳದಲ್ಲಿ ಷರ್ಟ್ ಸ್ವಲ್ಪ ಸರಿಸಿ 'ನೋಡ್ಕೊ' ಅನ್ನುವುದು ಇದೆಯಲ್ಲ, ನಮ್ಮ ಕಡೆ ಅರ್ಧ ಜನಕ್ಕೆ ರಿವಾಲ್ವರ್ ಬೇಕಾಗಿರುವುದೇ ಅದಕ್ಕೆ ಅಂತ ನನ್ನ ಗುಮಾನಿ, ಅದೇ ಅಪರಾಧ.

ಎಲ್ಲಿಗೆ ಒಯ್ಯಬಹುದು ಅನ್ನುವುದೂ ಲೈಸೆನ್ಸ್ ಮೇಲೆ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ ಗೌರಿಬಿದನೂರಿನವರು ಹಿಂದೂಪುರಕ್ಕೆ ಬಟ್ಟೆ ತರಲು ಹೋಗುವಾಗ ಸೊಂಟದಲ್ಲಿಟ್ಟುಕೊಂಡು ಹೋದರೆ ಗಡಿ ದಾಟಿದ ಕ್ಷಣ ಅದು ಅಕ್ರಮ. ಚಿಂತಾಮಣಿಯವರು ಮದನಪಲ್ಲಿಗೆ ಹೋದರೂ ಅಷ್ಟೇ. ನಮ್ಮ ಜನಕ್ಕೆ ಆಂಧ್ರ ಅಂದರೆ ಪಕ್ಕದ ಬೀದಿ, ಅತ್ತೆಮನೆಯೇ ಅಲ್ಲಿರುತ್ತದೆ. ಬೆಂಗಳೂರಿನ ಆಫೀಸು, ಮೆಟ್ರೊ, ಮಾಲ್ ಇವೆಲ್ಲ ದೂರದ ಮಾತು. ಇನ್ನು ಚುನಾವಣೆ ಘೋಷಣೆಯಾದರೆ ಸಾಮಾನ್ಯವಾಗಿ ಆಯುಧವನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಳ್ಳಬೇಕು. ಹಳ್ಳಿಯಲ್ಲಿ ನಿಜಕ್ಕೂ ಬಿಸಿ ಏರುವ ಹೊತ್ತಿಗೆ ನಿಮ್ಮ ಲಕ್ಷ ರೂಪಾಯಿಯ ಧೈರ್ಯ ಠಾಣೆಯ ಕೋಣೆಯಲ್ಲಿರುತ್ತದೆ.

ಒಂದು ವೇಳೆ ಹಾರಿಸಬೇಕಾಗಿ ಬಂದರೆ? ಆತ್ಮರಕ್ಷಣೆಯ ಹಕ್ಕು ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಅದರ ಬಗ್ಗೆಯೇ ಇವೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯ ಇದ್ದಲ್ಲಿ ಆ ಹಕ್ಕೇ ಇಲ್ಲ. ಬ್ಯಾಗ್ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಹೌದೋ ಅಲ್ಲವೋ ಅಂತ ವರ್ಷಗಟ್ಟಲೆ ಕೋರ್ಟಿನಲ್ಲಿ ನಿಂತು ಹೇಳಬೇಕು. ಆ ಡಾಬಾ ರಾತ್ರಿಯನ್ನೇ ತಗೊಳ್ಳಿ. ಹಿಂದಿದ್ದವರು ಕುಡಿದ ಹುಡುಗರೇ ಆಗಿದ್ದು, ಭಾವನ ಕೈಯಲ್ಲಿ ಅದು ಇದ್ದಿದ್ದರೆ? ಈ ಮಾತು ಹೇಳಿದಾಗ ಭಾವ ಮೊದಲ ಸಲ ಸುಮ್ಮನಾದರು.

ತೂಕದ ಕಲ್ಲಿನ ಪರೀಕ್ಷೆ

ಸುಮ್ಮನಾದರು, ಒಪ್ಪಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ದುಡ್ಡು ಹಾಕುವ ಮುಂಚೆ ಒಂದು ವಾರ ಬರೀ ತೂಕ ಹೊತ್ತು ನೋಡಿ ಅಂದೆ. ಅಂಗಡಿಯ 500 ಗ್ರಾಂ ಮತ್ತು 200 ಗ್ರಾಂ ತೂಕದ ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ, ಬೆಲ್ಟಿಗೆ ಸಿಗಿಸುವ ಒಂದು ಹಳೇ ಪೌಚಿಗೆ ಹಾಕಿದೆ. ಸರಿಯಾಗಿ 700 ಗ್ರಾಂ. ಷರತ್ತು ಎರಡೇ. ಮನೆಯಿಂದ ಹೊರಗೆ ಕಾಲಿಟ್ಟರೆ ಸೊಂಟದಲ್ಲಿ ಇರಬೇಕು. ಮನೆಯೊಳಗಿದ್ದರೆ ಬೀಗ ಹಾಕಿದ ಕಡೆ ಇರಬೇಕು, ಬೀಗದಕೈ ಭಾವನ ಹತ್ತಿರ ಮಾತ್ರ. ಯಾರಿಗೂ ಕಾಣಬಾರದು, ಯಾರಿಗೂ ಹೇಳಬಾರದು.

ನೀವೂ ಬೇಕಾದರೆ ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಸೋಮವಾರ ಫೋನು ಬಂತು. ಬೈಕ್ ಮೇಲೆ ಕೂತರೆ ಹೊಟ್ಟೆಗೆ ಒತ್ತುತ್ತೆ, ಬೆನ್ನಿಗೆ ಸರಿಸಿದರೆ ಕಾರಿನಲ್ಲಿ ಒರಗೋಕಾಗಲ್ಲ. ಮಂಗಳವಾರ ಗೂಡಿನ ಮಾರುಕಟ್ಟೆಯಲ್ಲಿ ಬಗ್ಗಿ ಗೂಡು ಕೈಯಲ್ಲಿ ಹಿಡಿದು ನೋಡುವಾಗ ಷರ್ಟ್ ಮೇಲೇರಿ ಪೌಚ್ ಹೊರಗೆ ಕಂಡಿತಂತೆ. ಪಕ್ಕದಲ್ಲಿದ್ದ ರೀಲರ್ ಒಬ್ಬರು "ಏನಣ್ಣಾ ಅದು, ಶುಗರ್ ಮಿಷನ್ನಾ?" ಅಂತ ಕೇಳಿಯೇಬಿಟ್ಟರು. ಬಿಚ್ಚಾಣಿಕೆ ಕೊಠಡಿಯಲ್ಲಿ ಬಿಸಿನೀರಿನ ಹಬೆ, ಏಪ್ರಿಲ್ ಬಿಸಿಲು ಬೇರೆ. ಬೆಲ್ಟಿನ ಕೆಳಗೆ ಬೆವರುಗುಳ್ಳೆ ಎದ್ದಿತು. ಅಲ್ಲಿ ನಿಜವಾದ ಉಕ್ಕು ಇದ್ದಿದ್ದರೆ ತುಕ್ಕು ಹಿಡಿಯದಂತೆ ದಿನಾ ಒರೆಸಿ ಎಣ್ಣೆ ಹಚ್ಚಬೇಕಿತ್ತು. ಬುಧವಾರ ಯಾರದ್ದೋ ನಾಮಕರಣಕ್ಕೆ ಹೋಗಿ ಪಂಕ್ತಿಯಲ್ಲಿ ನೆಲದ ಮೇಲೆ ಕೂರಬೇಕಾಯಿತು. ಕೂತದ್ದೂ ಕಷ್ಟ, ಎದ್ದದ್ದೂ ಕಷ್ಟ.

ಗುರುವಾರದಿಂದ ಫೋನಿಲ್ಲ.

ಶನಿವಾರ ನಾನೇ ಊರಿಗೆ ಹೋದೆ. "ಎಲ್ಲಿ ಭಾವ ಪೌಚು?" ಅಂದರೆ ಮೊದಲು ಗಾಡಿಯ ಡಿಕ್ಕಿ ನೋಡಿದರು. ಅಲ್ಲಿರಲಿಲ್ಲ. ಬೀರುವಿನಲ್ಲಿರಲಿಲ್ಲ. ಗುರುವಾರ ಸಂಜೆ ಬಂದವರು ಸುಸ್ತಾಗಿ ಬಿಚ್ಚಿ ಎಲ್ಲೋ ಇಟ್ಟಿದ್ದರು. ಎಲ್ಲಿ ಅಂತ ನೆನಪಿಲ್ಲ. ಅಕ್ಕನೂ ಸೇರಿ ಮೂವರೂ ಹುಡುಕಿದೆವು. ಅಕ್ಕನಿಗೆ ವಿಷಯ ಗೊತ್ತಿತ್ತು ಬಿಡಿ, ಮೊದಲ ದಿನವೇ ಗೊತ್ತಾಗಿತ್ತಂತೆ. ಹುಡುಕುತ್ತ ಹುಡುಕುತ್ತ ಒಂದೇ ಮಾತು ಅಂದಳು. "ಕಲ್ಲೇ ಇಷ್ಟು ಆಟ ಆಡಿಸ್ತಿದೆ ಕಣೋ."

ನನಗೆ ಆ ಹೊತ್ತಿಗೆ ನೆನಪಾದದ್ದು ನಾಗಮಂಗಲದ ಸುದ್ದಿ. 2025ರ ಫೆಬ್ರವರಿಯಲ್ಲಿ ಅಲ್ಲಿನ ಕೋಳಿಫಾರಂ ಒಂದರಲ್ಲಿ ಇಟ್ಟಿದ್ದ ಬಂದೂಕನ್ನು ಒಬ್ಬ ಹುಡುಗ ಆಟಕ್ಕೆ ಎತ್ತಿಕೊಂಡ. ಗುಂಡು ಹಾರಿ ನಾಲ್ಕು ವರ್ಷದ ಮಗು ಹೋಯಿತು. ತುಂಬಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ಹಿತ್ತಲಿನಿಂದ ನಮ್ಮ ಅಳಿಯ ಬಂದ. ಆರು ವರ್ಷ, ಒಂದನೇ ಕ್ಲಾಸು. ಪೌಚು ಅವನ ಸೊಂಟದಲ್ಲಿತ್ತು. ಬೆಲ್ಟ್ ಇಲ್ಲದ್ದಕ್ಕೆ ಪಂಚೆಯ ಅಂಚು ಹರಿದು ದಾರ ಮಾಡಿ ಕಟ್ಟಿಕೊಂಡಿದ್ದ. ಪಕ್ಕದ ಮನೆಯ ಹುಡುಗನ ಜೊತೆ ಅಂಗಡಿ ಆಟ ಆಡ್ತಿದ್ದನಂತೆ. 200 ಗ್ರಾಂ ಕಲ್ಲು ಆ ಹುಡುಗನ ಕೈಯಲ್ಲಿತ್ತು. "ಅಕ್ಕಿ ಡ್ರಮ್ ಹಿಂದೆ ಸಿಕ್ತು" ಅಂದ. ಎರಡು ದಿನದಿಂದ ಅವನ ಹತ್ತಿರವೇ ಇತ್ತು.

ಭಾವ ಮಗನ ಸೊಂಟದಿಂದ ದಾರ ಬಿಚ್ಚಿದರು. ಬೈಯಲಿಲ್ಲ. ಕೈ ಸ್ವಲ್ಪ ನಡುಗುತ್ತಿತ್ತು ಅಂತ ನನಗೆ ಅನ್ನಿಸಿತು.

ಆಮೇಲೆ ಆದದ್ದು ಇಷ್ಟು. ಮಾರುಕಟ್ಟೆಯಲ್ಲಿ ಈಗ ಹರಾಜು ಆನ್‌ಲೈನ್, ಗೂಡಿನ ದುಡ್ಡೂ ಬ್ಯಾಂಕಿನ ಮೂಲಕವೇ. ನಗದು ಓಡಾಡುತ್ತಿದ್ದದ್ದು ಭಾವ ನೂಲು ಮಾರುವ ಕಡೆ ಮಾತ್ರ. ಅಲ್ಲಿಯೂ ಖಾತೆಗೆ ಹಾಕಿ ಅಂತ ಪಟ್ಟು ಹಿಡಿದರು. ಒಂದಿಬ್ಬರು ಗಿರಾಕಿಗಳು ಗೊಣಗಿದರು, ಒಬ್ಬರು ವ್ಯಾಪಾರವನ್ನೇ ಬಿಟ್ಟರು. ಆ ನಷ್ಟ ನಿಜ, ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ರಿವಾಲ್ವರಿನ ಬೆಲೆಗೇನೂ ಕಡಿಮೆ ಇಲ್ಲ ಅಂತಾರೆ ಭಾವ. ಕತ್ತಲಾದ ಮೇಲೆ ಎಚ್.ಕ್ರಾಸ್ ರಸ್ತೆಯಲ್ಲಿ ಒಬ್ಬರೇ ಬರುವುದನ್ನು ಬಿಟ್ಟಿದ್ದಾರೆ. ಆ ರಾತ್ರಿಯ ಬಗ್ಗೆ ಠಾಣೆಗೆ ತಡವಾಗಿಯಾದರೂ ಒಂದು ಅರ್ಜಿ ಬರೆದುಕೊಟ್ಟು ಸ್ವೀಕೃತಿ ತಗೊಂಡರು.

ಲೈಸೆನ್ಸ್ ಅರ್ಜಿಯ ಪ್ರಿಂಟ್ ಇನ್ನೂ ಬೀರುವಿನಲ್ಲಿದೆ, ಹರಿದು ಹಾಕಿಲ್ಲ. ಬೇರೆಯವರ ಮನೆಯಲ್ಲಿ ಬೇರೆ ಲೆಕ್ಕ ಇರಬಹುದು. ಹೆಸರು ಹಿಡಿದು ಕೊಲೆ ಬೆದರಿಕೆ ಬಂದವರಿಗೆ ನಾನು ತೂಕದ ಕಲ್ಲಿನ ಕಥೆ ಹೇಳಿ ಬುದ್ಧಿ ಹೇಳಲಾರೆ. ಮೊನ್ನೆ ಫೋನ್ ಮಾಡಿದಾಗ ಭಾವ ಕೇಳಿದರು, "ಆ ಪ್ರಬಲ್‌ಗಿಂತ ಹಗುರದ್ದು ಯಾವುದಾದ್ರೂ ಹೊಸದು ಬಂತಾ?" ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಮೊದಲು ಆ ಇನ್ನೂರು ಗ್ರಾಂ ಕಲ್ಲು ಹುಡುಕಿಕೊಡೋಕೆ ಹೇಳು. ಅಂಗಡಿಯವರು ಕೇಳ್ತಿದ್ದಾರೆ."